ಭಾರ ಇಳಿದ ಮೇಲೆ

ನನ್ನ ಅಪ್ಪನಿಗೆ ಮನೆಯಲ್ಲಿ ಇನ್ನೊಂದು ತುತ್ತು ಅನ್ನ ಕೇಳುವುದಕ್ಕೂ ಸಂಕೋಚ. ಅಂಥವನ ಮೈಮೇಲೆ ಜಟಗ ದೇವರ ಭಾರ ಬಂತೆಂದರೆ ನಮ್ಮೂರು ಬೆಳಕೆಯ ದೊಡ್ಡ ದೊಡ್ಡ ಬೋಟಿನ ಯಜಮಾನರೂ ಕೈಮುಗಿದು ನಡುಗುತ್ತಿದ್ದರು. ಜಟಗನ ಕಟ್ಟೆಯೆದುರು ಅಡಿಕೆ ಹೂವಿನ ಸಿಂಗಾರ ಹಿಡಿದು ನಿಂತು, ಕಳೆದುಹೋದ ಬಲೆ ಎಲ್ಲಿದೆ, ಮಗುವಿನ ಜ್ವರಕ್ಕೆ ಯಾವ ಹರಕೆ ಬಾಕಿ ಎಂದೆಲ್ಲ ಗುಡುಗುತ್ತಿದ್ದ. ಮನೆಗೆ ಬರುವಷ್ಟರಲ್ಲಿ ಆ ದನಿ ಎಲ್ಲಿ ಹೋಗುತ್ತಿತ್ತೋ!

ಭಾರ ಇಳಿದರೆ ಅಲ್ಲೇ ಕುಸಿದು ಕೂರುತ್ತಿದ್ದ. ಅಮ್ಮ ಚೊಂಬಿನಲ್ಲಿ ಬೆಲ್ಲದ ನೀರು ಹಿಡಿದು ಕಾದಿರುತ್ತಿದ್ದಳು. ಕುಡಿದು ಮೆಲ್ಲಗೆ, "ಎಂತ ಹೇಳ್ದೆನೇ ನಾನು?" ಎಂದು ಕೇಳುತ್ತಿದ್ದ. ಅವನಿಗೆ ಒಂದಕ್ಷರವೂ ನೆನಪಿರುತ್ತಿರಲಿಲ್ಲ. ದೇವರು ಊರವರನ್ನು ಬೈದದ್ದನ್ನೂ ಸೇರಿಸಿ ಅಮ್ಮ ಎಲ್ಲವನ್ನೂ ಒಪ್ಪಿಸುತ್ತಿದ್ದಳು. "ಛೆ, ಹಾಂಗೆಲ್ಲ ಅಂದ್ನಾ?" ಎಂದು ಅಪ್ಪ ನಾಚಿಕೊಳ್ಳುತ್ತಿದ್ದ.

ಆದರೆ ಭಾರ ಬರುವ ಪಾತ್ರಿಯ ಮನೆಯವರು ಮಾತ್ರ ದೇವರಿಗೆ ಪ್ರಶ್ನೆ ಇಡಬಾರದು, ಅದು ನಮ್ಮಲ್ಲಿಯ ಕಟ್ಟಳೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಊರಿಗೆಲ್ಲ ಉತ್ತರ ಕೊಡುವ ದೇವರು ತನ್ನನ್ನು ಹೊತ್ತವನ ಹೆಂಡತಿ ಮಕ್ಕಳಿಗೆ ಮಾತ್ರ ಮೂಗ!

ಅಪ್ಪ ತೀರಿಕೊಂಡ ಮೇಲೆ ಕಟ್ಟೆ ಬಹುಕಾಲ ಸುಮ್ಮನಿತ್ತು. ಮನೆಯಲ್ಲಿ ಅವನ ಫೋಟೋ ಇತ್ತು, ಹಿಡಿದಿಟ್ಟ ದನಿ ಇರಲಿಲ್ಲ. ಕಟ್ಟೆಯೆದುರು ಮೊಬೈಲು ತೆಗೆಯುವಂತಿಲ್ಲ, ಮನೆಯಲ್ಲಿ ಅವನು ಮಾತಾಡಿದ್ದೇ ಕಡಿಮೆ. ಈ ವರ್ಷ ಭಾರ ಅಪ್ಪನ ಅಕ್ಕನ ಮಗನ ಮೇಲೆ ಬಂತು. ಮೀನಿನ ಟೆಂಪೋ ಓಡಿಸುವವನು. ಸುದ್ದಿ ಕೇಳಿ ನಾನು ಕುಮಟೆಯಿಂದ ಬಸ್ಸು ಹತ್ತಿದೆ. ಹಳದೀಪುರ ದಾಟುವಾಗಲೂ ಒಂದೇ ಆಸೆ: ದೇವರು ಅದೇ ಆದರೆ ದನಿಯೂ ಅದೇ ಇರಬಹುದಲ್ಲ? ಇರಲಿಲ್ಲ. ಇವನದು ಬೇರೆಯೇ ಗಂಟಲು, ಒರಟು. ನಿಂತಲ್ಲೇ ನನಗೆ ಅಳು ಬಂತು.

ಅಷ್ಟರಲ್ಲಿ ಅಮ್ಮ ಮುಂದೆ ನಡೆದಳು. ಈಗ ನಾವು ಪಾತ್ರಿಯ ಮನೆಯವರಲ್ಲ, ಕೇಳಬಹುದು. ತನ್ನ ಮಂಡಿನೋವಿನ ಮಾತೆತ್ತುತ್ತಾಳೆ ಎಂದುಕೊಂಡೆ.

"ಸ್ವಾಮೀ, ಇಷ್ಟು ವರ್ಷ ನೀನು ನಮ್ಮನೆಯವ್ರ ಮೈಮೇಲೆ ಬಂದೆ. ಒಂದು ದಿನವೂ ನಾನು ಬ್ಯಾಡ ಅಂದವಳಲ್ಲ," ಎಂದಳು. "ಒಂದೇ ಒಂದು ಸಲ ಅವ್ರನ್ನ ನಿನ್ನ ಮೈಮೇಲೆ ಕರ್ಕಂಡು ಬಾ. ನಂಗೆ ಮಾತಾಡ್ಬೇಕು."

ಸಿಂಗಾರ ಝಾಡಿಸುತ್ತಿದ್ದ ಕೈ ನಿಂತಿತು. ದೇವರು ಅಮ್ಮನನ್ನು ನೋಡಿತು, ಏನೂ ಹೇಳಲಿಲ್ಲ. ಹಾಗೇ ಭಾರ ಇಳಿದು ಅವನು ಕುಸಿದ.

ಅಮ್ಮನ ಸೆರಗಿನ ಮರೆಯಲ್ಲಿ ಚೊಂಬಿತ್ತು. ಬೆಲ್ಲದ ನೀರು! ಯಾವಾಗ ಕದಡಿ ತಂದಿದ್ದಳೋ. ಅವನು ಗಟಗಟ ಕುಡಿದು ಕಣ್ಣು ಬಿಟ್ಟ.

"ಎಂತ ಹೇಳ್ದೆ ಅತ್ತೆ ನಾನು?"

ಇಷ್ಟು ವರ್ಷ ದೇವರ ಒಂದು ಮಾತನ್ನೂ ಆಚೀಚೆ ಮಾಡದಿದ್ದ ಅಮ್ಮ, ಸೆರಗಿನ ತುದಿಯಿಂದ ಅವನ ಬಾಯಿ ಒರೆಸಿದಳು.

"'ಆತು' ಅಂದೆ ನೀನು ಮಗಾ," ಎಂದಳು.