ಪಟಾಲಮ್ಮನ ಎಡಗೈ ಕ್ಯಾಮೆರಾ

ಹಲಸೂರು ಬಜಾರಿನಲ್ಲಿ ಪಟಾಲಮ್ಮನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ‘ಫೋಟೋದಮ್ಮ’ ಎಂದರೆ ಸಾಕು, ಹೂವಿನವರೂ ತರಕಾರಿಯವರೂ ಕೈಮಾಡಿ ಅಂಗಡಿ ತೋರಿಸುತ್ತಿದ್ದರು. ಅಂಗಡಿ ಎಂದರೆ ಒಂದು ರೂಮು, ನೀಲಿ ಪರದೆ, ಒಂದು ಸ್ಟೂಲು, ಗೋಡೆಗೊಂದು ಕನ್ನಡಿ, ಕನ್ನಡಿಗೆ ದಾರದಲ್ಲಿ ಕಟ್ಟಿದ ಬಾಚಣಿಗೆ. ಕಟ್ಟದೆ ಇಟ್ಟರೆ ಪಾಸ್‌ಪೋರ್ಟ್ ಫೋಟೋಗೆ ಬಂದವರು ಬಾಚಣಿಗೆಯನ್ನು ಜೇಬಿಗಿಳಿಸಿಕೊಂಡು ಹೋಗುತ್ತಾರೆ ಎಂಬುದು ಆಕೆಯ ಅನುಭವ. ಒಟ್ಟಾರೆ ಮನುಷ್ಯರ ಬಗ್ಗೆ ಆಕೆಗಿದ್ದ ಅಭಿಪ್ರಾಯವೂ ಸುಮಾರು ಅಷ್ಟೇ.

ಸ್ಟುಡಿಯೋ ಇಟ್ಟದ್ದು ಗಂಡ ಮುನಿಆಂಜನಪ್ಪ. ದೊಮ್ಮಲೂರಿನವನು. ಮನೆತನದ ರಾಗಿ ಹೊಲ ಬಡಾವಣೆಗೆ ಹೋದಾಗ ತಮ್ಮ ಪಿಳ್ಳಪ್ಪ ತನ್ನ ಪಾಲಿನಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ. ಇವನು ಕ್ಯಾಮೆರಾ ಕೊಂಡ. ಇವನಿಗೆ ತಲೆ ಕೆಟ್ಟಿದೆ ಎಂದು ಊರವರು ಆಡಿಕೊಂಡರು. ಅವನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಮದುವೆಗಳಲ್ಲಿ ಫೋಟೋ ತೆಗೆದು ತರುವುದು ಅವನು, ಹಿಂದಿನ ಕತ್ತಲೆ ಕೋಣೆಯಲ್ಲಿ ತೊಳೆದು ಒಣಗಿಸುವುದು ಹೆಂಡತಿ. ಹೀಗೆ ಸುಖವಾಗಿ ನಡೆಯುತ್ತಿದ್ದಾಗ, ತೊಂಬತ್ತೊಂದರಲ್ಲಿ, ಕಾಮಾಲೆ ಬಂದು ಅವನು ಹೋಗಿಬಿಟ್ಟ. ಮಗಳು ಭವ್ಯ ಆಗಿನ್ನೂ ಶಿಶುವಿಹಾರಕ್ಕೆ ಹೋಗುತ್ತಿದ್ದಳು.

ಅವನು ಒಪ್ಪಿಕೊಂಡ ಮದುವೆಯೊಂದು ಬಾಕಿ ಉಳಿದಿತ್ತು. ಪಟಾಲಮ್ಮ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ತಾನೇ ಹೊರಟಳು. ಮುಹೂರ್ತದ ಹೊತ್ತಿಗೆ ಮಂಟಪದ ಎದುರು ಹೋಗಿ ನಿಂತಾಗ, ಹೆಣ್ಣಿನ ಕಡೆಯ ಮುದುಕಿಯೊಬ್ಬಳು, "ಗಂಡ ಸತ್ತೋಳು ತಾಳಿ ಕಟ್ಟೋವಾಗ ಎದುರಿಗೆ ಯಾಕೆ ಬಂದವ್ಳೆ? ಆಚೆ ಕಳ್ಸಿ" ಎಂದು ಕಿರುಚಿದಳು. ಪುರೋಹಿತರಿಗೆ ಮುಹೂರ್ತದ ಚಿಂತೆ. "ಅಮ್ಮ, ಅವ್ರು ಫೋಟೋದೋರು. ಬಿಡಿ, ನಿಂತ್ಕೊಳ್ಲಿ" ಎಂದುಬಿಟ್ಟರು. ಆ ಒಂದು ಮಾತಿನಲ್ಲಿ ಪಟಾಲಮ್ಮನ ಮುಂದಿನ ಬದುಕು ತೀರ್ಮಾನವಾಯಿತು.

ಅಂದಿನಿಂದ ಕ್ಯಾಮೆರಾ ಕಣ್ಣಿಗಿದ್ದಷ್ಟು ಹೊತ್ತು ಆಕೆ ವಿಧವೆಯಲ್ಲ, ಫೋಟೋದವಳು. ಕ್ಯಾಮೆರಾ ಇಳಿಸಿದ ಕೂಡಲೇ ಮತ್ತೆ ವಿಧವೆ. ಅರಿಶಿನ ಕುಂಕುಮದ ತಟ್ಟೆ ಆಕೆಯನ್ನು ಬಳಸಿಕೊಂಡು ಮುಂದಕ್ಕೆ ಹೋಗುತ್ತಿತ್ತು. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಎಷ್ಟೋ ಹುಡುಗಿಯರ ಕೊರಳಿಗೆ ತಾಳಿ ಬೀಳುವುದನ್ನು ಮಾರು ದೂರದಿಂದ ನೋಡಿದಳು. ಸ್ವಂತ ಅಣ್ಣತಮ್ಮಂದಿರ ಮನೆಯ ಮದುವೆಗಳಲ್ಲೂ, ನೆಂಟಳಾಗಿ ಹೋಗಿದ್ದರೆ ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಬೇಕಾದವಳು, ಫೋಟೋದವಳಾಗಿ ಎಲ್ಲರಿಗಿಂತ ಮುಂದೆ ನಿಂತಳು. ಇದನ್ನು ಆಕೆ ಯಾರಿಗೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಹಬ್ಬಕ್ಕೆ ಬೇಡ, ಬೀಗರೂಟಕ್ಕೆ ಬೇಡ, ಮುಹೂರ್ತಕ್ಕೆ ಮಾತ್ರ ತಪ್ಪದೆ ಕ್ಯಾಮೆರಾ ಹೊತ್ತು ಹೋಗುವವಳನ್ನು ನೋಡಿದರೆ ಯಾರಿಗಾದರೂ ಅರ್ಥವಾಗುತ್ತಿತ್ತು.

ಎರಡು ಸಾವಿರದ ಎಂಟರಲ್ಲಿ ಆಕೆಗೆ ಲಕ್ವ ಹೊಡೆಯಿತು. ಕಾಲು ಬೇಗ ಚೇತರಿಸಿಕೊಂಡಿತು, ಮಾತು ಮೊದಲಿನ ಹಾಗೇ ಖಾರವಾಗಿ ವಾಪಸ್ ಬಂತು, ಬಲಗೈ ಮಾತ್ರ ಬರಲಿಲ್ಲ. ತೋಳಿಗೆ ಜೋತುಬಿದ್ದುಕೊಂಡೇ ಉಳಿಯಿತು. ಸ್ಟುಡಿಯೋದಲ್ಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಪಾಸ್‌ಪೋರ್ಟ್ ಫೋಟೋ ತೆಗೆಯಬಹುದಿತ್ತು. ಮದುವೆಮನೆಯ ನೂಕುನುಗ್ಗಲಿನಲ್ಲಿ ಸ್ಟ್ಯಾಂಡು ಇಡಲು ಯಾರು ಬಿಡುತ್ತಾರೆ? ಹಳೆಯ ಭಾರದ ಕ್ಯಾಮೆರಾವನ್ನು ಒಂದೇ ಕೈಯಲ್ಲಿ ಎತ್ತುವುದೂ ಸಾಧ್ಯವಿರಲಿಲ್ಲ.

ಅದೇ ಸಮಯಕ್ಕೆ ಭವ್ಯಳ ಮದುವೆ ಗೊತ್ತಾಯಿತು. ಇಂದಿರಾನಗರದ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಳು, ಹುಡುಗ ಕೆ.ಆರ್. ಪುರದ ದೀಪು, ಒಳ್ಳೆಯವನು. ಧಾರೆ ಎರೆದು ಕೊಡಲು ದಂಪತಿ ಬೇಕು, ಹಾಗಾಗಿ ಪಿಳ್ಳಪ್ಪ ಮತ್ತು ಅವನ ಹೆಂಡತಿ ಜಟ್ಟೆಮ್ಮ ಕೂರುವುದು ಎಂದಾಯಿತು. ಪಟಾಲಮ್ಮನನ್ನು ಯಾರೂ ಕೇಳಲಿಲ್ಲ, ಕೇಳಲಿ ಎಂದು ಆಕೆಯೂ ಕಾಯಲಿಲ್ಲ. ಹೆತ್ತು ಸಾಕಿದವಳನ್ನು ಮೂಲೆಗೆ ತಳ್ಳುವ ಈ ಪದ್ಧತಿ ಅನ್ಯಾಯ ಎನ್ನಲು ಯಾವ ಓದೂ ಬೇಕಿಲ್ಲ. ಆದರೂ ನಡೆದುಕೊಂಡು ಬಂದಿದೆ, ಎಲ್ಲರೂ ತಲೆಯಾಡಿಸುತ್ತಾರೆ, ಪಟಾಲಮ್ಮನೂ ಆಡಿಸಿದಳು.

"ಫೋಟೋ ಯಾರಿಗೆ ಹೇಳಾಣ?" ಎಂದು ಪಿಳ್ಳಪ್ಪ ಕೇಳಿದಾಗ ಮಾತ್ರ ಆಕೆ ತಲೆಯಾಡಿಸಲಿಲ್ಲ.

"ನಾನೇನು ಸತ್ತೋಗಿದೀನಾ? ನನ್ ಮಗಳ್ ತಾಳಿ ನಾನೇ ತೆಗೀತೀನಿ. ವಿಡಿಯೋನೂ ಬೇಡ, ಅವ್ರ ಲೈಟು ನನ್ ಫೋಟೋ ಕೆಡಿಸ್ತದೆ."

"ಕೈ ಹಿಂಗಿರೋವಾಗ ಹೆಂಗಕ್ಕಾ?"

"ಇನ್ನೊಂದ್ ಕೈ ಐತಲ್ಲ."

ಭವ್ಯ ಅಂದು ಸಂಜೆ ತಾಯಿಯ ಪಕ್ಕ ಬಂದು ಕುಳಿತಳು. "ಫೋಟೋ ಹಾಳಾಗೋಗ್ಲಿ ಅಮ್ಮ. ನೀನು ನನ್ನ ಪಕ್ಕದಲ್ಲೇ ಇರು."

"ಪಕ್ಕದಲ್ಲಿ ನಿಂತ್ರೆ ನಾಲ್ಕು ಜನ ನಾಲ್ಕು ಮಾತಾಡ್ತಾರೆ. ಕ್ಯಾಮೆರಾ ಇದ್ರೆ ಯಾರೂ ಏನೂ ಅನ್ನಲ್ಲ ಕಣೆ" ಎಂದಳು ಪಟಾಲಮ್ಮ.

ಮಾರನೆಯ ವಾರ ಪಟಾಲಮ್ಮ ಗಂಡನ ಕಾಲದ ಕ್ಯಾಮೆರಾಗಳನ್ನು ಚೀಲಕ್ಕೆ ತುಂಬಿಕೊಂಡು ಶಿವಾಜಿನಗರದ ಗೌಸ್ ಭಾಯ್ ಅಂಗಡಿಗೆ ಹೋದಳು. ಅವನು ಆಗಷ್ಟೇ ಪೇಟೆಗೆ ಬಂದಿದ್ದ ಹೊಸ ಥರದ್ದೊಂದನ್ನು ಮುಂದಿಟ್ಟ. ದೊಡ್ಡ ಕ್ಯಾಮೆರಾಗಳ ಒಳಗೆ ಕನ್ನಡಿಯೊಂದು ಇರುತ್ತದೆ, ಭಾರ ಹೆಚ್ಚುವುದೇ ಅದರಿಂದ. ಇದರಲ್ಲಿ ಕನ್ನಡಿಯೇ ಇಲ್ಲ. ಕಣ್ಣಿಡುವ ಕಿಂಡಿಯೊಳಗೆ ಉಗುರಗಲದ ಟೀವಿಯಲ್ಲಿ ಎದುರಿಗಿರುವುದು ಕಾಣುತ್ತದೆ. ಒಂದು ಸೇರು ಅಕ್ಕಿಯಷ್ಟೂ ತೂಕವಿರಲಿಲ್ಲ.

"ಲೇಕಿನ್ ಅಮ್ಮಾ, ಒತ್ತೋ ಗುಂಡಿ ಬಲಗಡೇನೇ. ಎಡಗೈದು ಯಾವ್ ಕಂಪ್ನಿನೂ ಮಾಡಲ್ಲ" ಎಂದ ಗೌಸ್ ಭಾಯ್.

ಪಟಾಲಮ್ಮ ಅದನ್ನು ಎಡಗೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿ, ಕೊನೆಗೆ ತಲೆಕೆಳಗು ಮಾಡಿದಳು. ಬಲಗೈಗೆಂದು ಮಾಡಿದ ಹಿಡಿ ಎಡಕ್ಕೆ ಬಂದು ಎಡಗೈಗೆ ಸರಿಯಾಗಿ ಕೂತಿತು. ಕಣ್ಣಿಟ್ಟು ನೋಡಿದರೆ ಗೌಸ್ ಭಾಯ್ ನೆಟ್ಟಗೇ ನಿಂತಿದ್ದ. ಕಿಂಡಿಯ ಅಂಚಿನ ಅಕ್ಷರಗಳು ಮಾತ್ರ ಶೀರ್ಷಾಸನ ಹಾಕಿದ್ದವು.

"ಉಲ್ಟಾ ಹಿಡಿದಿದೀರಿ ಅಮ್ಮಾ!"

"ಗೊತ್ತು ಸುಮ್ನಿರಪ್ಪ" ಎಂದು ಹೇಳಿ, ಹಳೆಯವನ್ನು ಕೊಟ್ಟು ಅದನ್ನು ತಂದಳು.

ತಲೆಕೆಳಗಾಗಿ ಹಿಡಿಯುವುದು ಸುಲಭ, ಕೆಲಸ ಮಾಡಿಸುವುದು ಕಷ್ಟ. ಒತ್ತುವ ಗುಂಡಿ ಈಗ ಕಿರುಬೆರಳಿನ ಪಾಲಿಗೆ ಬಂದಿತ್ತು. ಆ ಗುಂಡಿಯನ್ನು ಅರ್ಧ ಒತ್ತಿದರೆ ಫೋಕಸ್ ಆಗಬೇಕು, ಪೂರ್ತಿ ಒತ್ತಿದರೆ ಫೋಟೋ ಬೀಳಬೇಕು. ಕಿರುಬೆರಳಿಗೆ ಅರ್ಧ ಎಂಬ ನಾಜೂಕು ಎಲ್ಲಿಂದ ಬರಬೇಕು? ಅದು ಒತ್ತಿದರೆ ಒತ್ತಿಯೇ ಬಿಡುತ್ತಿತ್ತು, ಮುಖಗಳೆಲ್ಲ ಮಂಜು. ಭವ್ಯ ರಜೆಯ ದಿನ ಅಂಗಡಿಗೆ ಬಂದು ಇಂಗ್ಲಿಷಿನ ಪುಸ್ತಕ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು, ತಾಯಿ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಗುಂಡಿಗಳನ್ನು ಒತ್ತುತ್ತಿದ್ದಳು.

"ಇಲ್ನೋಡು, ಹಿಂದ್ಗಡೆ ಈ ಬಟನ್‌ಗೆ ಬೇರೆ ಕೆಲ್ಸ ಕೊಡ್ಬೋದಂತೆ."

"ಹೆಬ್ಬೆರಳು ಅಲ್ಲೇ ಬರ್ತದೆ. ಫೋಕಸ್ ಅಲ್ಲಿಗಾಕು. ಕಿರುಬೆರಳು ಬರೀ ಒತ್ಕೊಂಡಿರ್ಲಿ."

ಆಮೇಲೆ ತಿರುಗಿಸುವ ಚಕ್ರ. ಕ್ಯಾಮೆರಾ ಉಲ್ಟಾ ಆದದ್ದರಿಂದ ಬೆಳಕು ಹೆಚ್ಚಿಸಲು ತಿರುಗಿಸಿದರೆ ಕಡಿಮೆಯಾಗುತ್ತಿತ್ತು. ಚಕ್ರದ ದಿಕ್ಕನ್ನೇ ಬದಲಿಸುವ ವ್ಯವಸ್ಥೆ ಒಳಗೆಲ್ಲೋ ಇತ್ತು, ಹುಡುಕಿ ಬದಲಿಸಿದರು. ಫೋಟೋ ತೆಗೆದ ಮೇಲೆ ಅದನ್ನೇ ಕ್ಷಣಕಾಲ ಕಿಂಡಿಯಲ್ಲಿ ತೋರಿಸುವ ಏರ್ಪಾಟೊಂದಿತ್ತು. ಅಷ್ಟರಲ್ಲಿ ಎದುರಿಗಿರುವ ತಾಳಿ ಕಟ್ಟಿ ಮುಗಿದಿರುತ್ತದೆ. "ತೆಗ್ದಿದ್ದು ನಂಗೊತ್ತು, ನಂಗೇ ಯಾಕೆ ತೋರಿಸ್ತದೆ" ಎಂದು ರೇಗಿ ಅದನ್ನು ನಿಲ್ಲಿಸಿದಳು. ಶೀರ್ಷಾಸನದ ಅಕ್ಷರಗಳನ್ನು ಅಳಿಸಿದಳು. ಹಿಂದಿನ ಸ್ಕ್ರೀನು ಈಗ ಹಣೆಗೆ ತಾಗಿ ವಿಭೂತಿ ಮೆತ್ತಿಕೊಳ್ಳುತ್ತಿತ್ತು. ಅದನ್ನೂ ಆರಿಸಿ ಕಪ್ಪಾಗಿಸಿದಳು. ಕಿಂಡಿಯಲ್ಲಿ ಎದುರಿನ ಮನುಷ್ಯರು ಮಾತ್ರ ಉಳಿದರು.

ಫ್ಲ್ಯಾಶು ಹಾಕಿ ನೋಡಿದ್ದೂ ಆಯಿತು. ಕ್ಯಾಮೆರಾದ ನೆತ್ತಿ ಕೆಳಗಾದ್ದರಿಂದ ಬೆಳಕು ಗದ್ದದ ಕೆಳಗಿನಿಂದ ಹೊಡೆದು ಭವ್ಯ ದೆವ್ವದ ಹಾಗೆ ಬಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಫ್ಲ್ಯಾಶು ಪೆಟ್ಟಿಗೆ ಸೇರಿತು.

ಎಲ್ಲ ಆಯಿತೆಂದುಕೊಂಡು ರಿಚರ್ಡ್ಸ್ ಟೌನಿನ ಒಂದು ನಾಮಕರಣ ಒಪ್ಪಿಕೊಂಡಳು. ಫೋಟೋಗಳು ಬಂದರೆ ಅರ್ಧಕ್ಕರ್ಧ ನೀಲಿ. ಹಿಡಿದ ಅಂಗೈಯ ಬುಡ ಗುಂಡಿಯೊಂದರ ಮೇಲೆ ಕೂತು ತಾನೇ ಬಣ್ಣ ಬದಲಿಸಿಬಿಟ್ಟಿತ್ತು. ಮಗುವಿನ ಅಜ್ಜಿ "ಸಾಕ್ಷಾತ್ ಕೃಷ್ಣನೇ ಬಂದವ್ನೆ" ಎಂದು ಸಂಭ್ರಮಪಟ್ಟಳು. ಪಟಾಲಮ್ಮನಿಗೆ ಮಾತ್ರ ಮೈಯೆಲ್ಲ ಉರಿಯಿತು. ಅಂಗಡಿಗೆ ಬಂದವಳೇ ಅಂಗೈ ತಾಗುವ ಗುಂಡಿಗಳನ್ನೆಲ್ಲ ಒಂದೊಂದಾಗಿ ಸಾಯಿಸಿದಳು. ಈಗ ಆ ಕ್ಯಾಮೆರಾವನ್ನು ಬೇರೆ ಯಾರು ಹಿಡಿದರೂ ತಲೆಬುಡ ತಿಳಿಯುವಂತಿರಲಿಲ್ಲ. ಆಕೆಯ ಎಡಗೈಗೆ ಮಾತ್ರ ಅದು ನೀರು ಕುಡಿದಷ್ಟು ಸಲೀಸು. ಫೋಟೋಗಳೆಲ್ಲ ತಲೆಕೆಳಗಾಗಿ ಬೀಳುತ್ತಿದ್ದವು; ಲ್ಯಾಬಿನವರು ಕಂಪ್ಯೂಟರಿನಲ್ಲಿ ಒಟ್ಟಿಗೆ ತಿರುಗಿಸಿಕೊಡುತ್ತಿದ್ದರು.

ಎರಡು ಸಾವಿರದ ಒಂಬತ್ತರ ಕೊನೆಯಲ್ಲಿ, ಹಲಸೂರಿನ ಒಂದು ಛತ್ರದಲ್ಲಿ ಭವ್ಯಳ ಮದುವೆ. ಪಟಾಲಮ್ಮ ಎಲ್ಲ ಮದುವೆಗೂ ಉಡುವ ಬೂದುಬಣ್ಣದ ಸೀರೆಯನ್ನೇ ಉಟ್ಟು, ಸೆರಗು ಬಿಗಿದುಕೊಂಡು ಮಂಟಪದ ಎದುರು ನಿಂತಳು. ಗಂಡಿನ ಕಡೆಯವರು ಉಲ್ಟಾ ಕ್ಯಾಮೆರಾ ನೋಡಿ ಮುಸಿಮುಸಿ ನಕ್ಕರು. ನಗಲಿ, ನಿಲ್ಲಬೇಡ ಎಂದು ಯಾರೂ ಹೇಳಲಿಲ್ಲವಲ್ಲ, ಆಕೆಗೆ ಬೇಕಾಗಿದ್ದದ್ದು ಅಷ್ಟೇ. ವರಪೂಜೆ ತೆಗೆದಳು, ಅಂತರಪಟ ಸರಿಯುವುದನ್ನು ತೆಗೆದಳು, ಜೀರಿಗೆ ಬೆಲ್ಲ ತೆಗೆದಳು. ಹೆಬ್ಬೆರಳು, ಕಿರುಬೆರಳು, ಎರಡೂ ಹೇಳಿದ ಹಾಗೆ ಕೇಳಿದವು.

ಧಾರೆಯ ಹೊತ್ತು ಬಂತು. ದೀಪುವಿನ ಬೊಗಸೆಯ ಮೇಲೆ ಭವ್ಯಳ ಬೊಗಸೆ, ಅದರ ಮೇಲೆ ತೆಂಗಿನಕಾಯಿ. ಜಟ್ಟೆಮ್ಮ ಹಾಲಿನ ತಂಬಿಗೆ ಎತ್ತಿಕೊಂಡಳು. ಪುರೋಹಿತರು ಎರೆಯಿರಿ ಎಂದರು. ಆಗ ಭವ್ಯ ಒಂದು ಕೈ ಬಿಡಿಸಿಕೊಂಡಳು. ಕಾಯಿ ವಾಲಿತು, ದೀಪು ಹಿಡಿದುಕೊಂಡ. ಬಿಡಿಸಿಕೊಂಡ ಕೈಯನ್ನು ಅವಳು ನೇರ ಕ್ಯಾಮೆರಾದ ಕಡೆಗೆ ಚಾಚಿದಳು.

"ಅಮ್ಮ, ಬಾ. ಅದನ್ನ ಕೆಳಗಿಡು. ನೀನು ಎರೀದೆ ನಾನು ಕೈ ಒಡ್ಡಲ್ಲ."

ಪಟಾಲಮ್ಮನ ಕಿರುಬೆರಳು, ಅಭ್ಯಾಸಬಲವೋ ಏನೋ, ಒತ್ತಿಬಿಟ್ಟಿತು. ಆಮೇಲೂ ಆಕೆ ಕ್ಯಾಮೆರಾ ಇಳಿಸಲಿಲ್ಲ. ಇಳಿಸಲು ಹೆದರಿಕೆಯಾಯಿತು. ಅಷ್ಟು ವರ್ಷಗಳಲ್ಲಿ ಮುಹೂರ್ತದ ಹೊತ್ತಿಗೆ ಬರಿಗಣ್ಣಲ್ಲಿ ಆ ಜಾಗದಲ್ಲಿ ಆಕೆ ನಿಂತದ್ದೇ ಇಲ್ಲ. ಗಂಡಿನ ಕಡೆ ಯಾರೋ "ಇದೆಂಥ ಪದ್ಧತಿ" ಎಂದು ಗೊಣಗಿದ್ದು ಕೇಳಿಸಿತು.

ಜಟ್ಟೆಮ್ಮ ತಂಬಿಗೆ ಹಿಡಿದುಕೊಂಡೇ ಎದ್ದಳು. ಆಕೆ ಏನು ಮಾಡುತ್ತಾಳೆಂದು ಎಲ್ಲರೂ ನೋಡುತ್ತಿದ್ದರು. "ಬಾರಕ್ಕ ಬೇಗ, ಮುಹೂರ್ತ ಮೀರೋಗ್ತದೆ" ಎಂದಳು, ಅಷ್ಟೇ.

ಪಟಾಲಮ್ಮ ಕ್ಯಾಮೆರಾವನ್ನು ಕೆಳಗಿಳಿದು ಬಂದ ಪಿಳ್ಳಪ್ಪನ ಕೈಗಿತ್ತು ಮಂಟಪ ಹತ್ತಿದಳು. ಧಾರೆಯನ್ನು ಎಡಗೈಯಲ್ಲಿ ಎರೆಯುವಂತಿಲ್ಲ, ಬಲಗೈ ಏಳುವಂತಿಲ್ಲ. ಜಟ್ಟೆಮ್ಮ ಆ ಜೋತುಬಿದ್ದ ಕೈಯನ್ನು ಎತ್ತಿ ತಂಬಿಗೆಗೆ ಹಚ್ಚಿ, ಮೇಲೆ ತನ್ನ ಕೈ ಒತ್ತಿ ಹಿಡಿದಳು. ಹಾಲು ಭವ್ಯಳ ಕೈಮೇಲಿಂದ ದೀಪುವಿನ ಕೈಗೆ ಇಳಿಯಿತು. ಪಟಾಲಮ್ಮನಿಗೆ ಅಳು ತಡೆಯಲಾಗಲಿಲ್ಲ, ತಡೆಯಲು ನೋಡಲೂ ಇಲ್ಲ. ಮಗಳ ಪಕ್ಕದಲ್ಲೇ ನಿಂತಿದ್ದ ಹಾಗೆ ಗಟ್ಟಿಮೇಳ ಮೊಳಗಿತು, ದೀಪು ತಾಳಿ ಕಟ್ಟಿದ.

ಕೆಳಗೆ ಪಿಳ್ಳಪ್ಪ ಬೆವರುತ್ತಿದ್ದ. ಕ್ಯಾಮೆರಾವನ್ನು ಎಲ್ಲರ ಹಾಗೆ ನೆಟ್ಟಗೆ ಹಿಡಿದ, ಸ್ಕ್ರೀನು ಕಪ್ಪಗಿತ್ತು. ಆಫ್ ಆಗಿರಬೇಕೆಂದುಕೊಂಡು ಸ್ವಿಚ್ಚು ತಳ್ಳಿದ. ಆನ್ ಇದ್ದದ್ದು ಆಗ ಆಫ್ ಆಯಿತು. ಅಲ್ಲಿಂದಾಚೆಗೆ ತಾಳಿಯ ಮೂರು ಗಂಟೂ ಬೀಳುವವರೆಗೆ ಅವನು ಪಾಪ ಸತ್ತ ಕ್ಯಾಮೆರಾವನ್ನು ಒತ್ತುತ್ತಲೇ ಇದ್ದ. ಮೊಬೈಲಿನಲ್ಲಿ ತೆಗೆದವರ ಫೋಟೋಗಳಲ್ಲಿ ಮುಂದೆ ನಿಂತವರ ಬೆನ್ನುಗಳು ಚೆನ್ನಾಗಿ ಬಂದಿದ್ದವು.

ಪಟಾಲಮ್ಮ ಮದುವೆ ಫೋಟೋ ತೆಗೆಯುವುದನ್ನು ಬಿಡಲಿಲ್ಲ. ಎಡಗೈ ಫೋಟೋದಮ್ಮ ಎಂದು ಪುಲಿಕೇಶಿನಗರದವರೆಗೂ ಹೆಸರಾಯಿತು. ಯಾವ ಮದುವೆಯಲ್ಲೂ ಅರಿಶಿನ ಕುಂಕುಮದ ತಟ್ಟೆ ಆಕೆಯ ಮುಂದೆ ನಿಲ್ಲಲೂ ಇಲ್ಲ. ಲೋಕ ಒಂದು ಧಾರೆಗೆಲ್ಲ ಬದಲಾಗುವಂಥದ್ದಲ್ಲ.

ಆಲ್ಬಮ್ ಬಂದ ಮೇಲೆ ಬೀಗರು ನೋಡಲು ಬಂದರು. ದೀಪುವಿನ ತಾಯಿ ಪುಟ ಮಗುಚುತ್ತಾ ಹೋದರು. ಒಂದು ಪುಟದಲ್ಲಿ ಭವ್ಯ, ಬಾಯಿ ತೆರೆದು, ಕೈ ಮುಂದಕ್ಕೆ ಚಾಚಿ, ನೋಡುವವರನ್ನೇ ಕರೆಯುತ್ತಿದ್ದಾಳೆ. ಕಣ್ಣಿನ ರೆಪ್ಪೆಗೂದಲನ್ನೂ ಎಣಿಸುವಷ್ಟು ಸ್ಪಷ್ಟ. ಮುಂದಿನ ಪುಟದ್ದು ಕ್ಯಾಮೆರಾ ಮತ್ತೆ ಪಟಾಲಮ್ಮನ ಕೈಗೆ ಬಂದ ಮೇಲಿನದು; ಕೊರಳಿಗೆ ತಾಳಿ ಬಿದ್ದಾಗಿದೆ, ಎಲ್ಲರೂ ಅಕ್ಷತೆ ಕೊಡವಿಕೊಳ್ಳುತ್ತಿದ್ದಾರೆ. ಬೀಗಿತ್ತಿ ಹಿಂದಕ್ಕೂ ಮುಂದಕ್ಕೂ ಮಗುಚಿ ನೋಡಿದರು.

"ಅಲ್ರೀ, ತಾಳಿ ಕಟ್ಟೋ ಫೋಟೋನೇ ಇಲ್ವಲ್ಲ? ನೀವೇ ಫೋಟೋದೋರಾಗಿ!"

"ಇಲ್ಲ ಕಣ್ರೀ" ಎಂದಳು ಪಟಾಲಮ್ಮ. "ಅವತ್ತು ನಾನು ಎರಡೂ ಕಣ್ಣು ಬಿಟ್ಕೊಂಡು ನೋಡ್ತಾ ನಿಂತಿದ್ದೆ."