ಕುಂಕುಮದ ಆಚೆಯಿಂದ ಓದಿದ ಯಂತ್ರ

ದೆವ್ವ, ಗಾಳಿ, ಶಕುನ ಇವುಗಳನ್ನೆಲ್ಲ ನಾನು ನಂಬಿದವಳಲ್ಲ. ಮನೆಯಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದೆ. ಗಣಿತ ಓದಿದವಳು ಎಂಬ ಜಂಬವೂ ಸ್ವಲ್ಪ ಇತ್ತು ಅನ್ನಿ. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂದೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮೂರು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ. ಅಲ್ಲಿಂದ ಬಂದು ಹಿರಿಯೂರಿನಲ್ಲಿ ಬಿತ್ತನೆ ಬೀಜದ ಒಂದು ಕಚೇರಿಗೆ ಸೇರಿದ್ದೆ. ಬಾಡಿಗೆಗೆ ತಂದ ಕಂಪ್ಯೂಟರ್ ಒಂದು ಅಲ್ಲಿತ್ತು, ಕಬ್ಬಿಣದ ಬೀರುವಿನಷ್ಟು ದೊಡ್ಡದು. ಉದ್ದನೆಯ ಕಾಗದದ ಪಟ್ಟಿಗೆ ತೂತು ಹೊಡೆದು ಅದಕ್ಕೆ ಲೆಕ್ಕ ಉಣಿಸಬೇಕಿತ್ತು. ಪಟ್ಟಿಯ ಒಂದು ಕಡೆ ಸಣ್ಣ ದೀಪ, ಇನ್ನೊಂದು ಕಡೆ ಗಾಜಿನ ಕಿಂಡಿ. ತೂತಿನಿಂದ ಬೆಳಕು ದಾಟಿ ಆ ಗಾಜಿಗೆ ಬಿದ್ದರೆ ಯಂತ್ರಕ್ಕೆ ಅಕ್ಷರ ತಿಳಿಯುತ್ತದೆ. ಇಷ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಮೇಲಿನವರು ತಿಪ್ಪೇಸ್ವಾಮಿ ಸಾರ್, ಹೊಸದುರ್ಗದ ಕಡೆಯ ಮಾಡದಕೆರೆಯವರು. ಕಡಿಮೆ ಮಳೆಗೂ ಕಾಯಿ ಕಟ್ಟುವ ಶೇಂಗಾ ತಳಿಯೊಂದನ್ನು ವರ್ಷಗಟ್ಟಲೆ ಬೆಳೆದು ನೋಡಿದ್ದರು. ಯಾವ ಗಿಡಕ್ಕೆ ಎಷ್ಟು ನೀರು, ಎಷ್ಟು ಕಾಯಿ ಎಂಬುದೆಲ್ಲ ಒಂದೇ ಒಂದು ಪಟ್ಟಿಯಲ್ಲಿತ್ತು. ಹೊಲದಲ್ಲಿ ಬರೆದುಕೊಂಡ ಪುಸ್ತಕಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಪಟ್ಟಿ ಹೋದರೆ ತಳಿ ರೈತರ ಹೊಲಕ್ಕೆ ಇಳಿಯುವಂತಿಲ್ಲ, ಎಲ್ಲ ಮೊದಲಿನಿಂದ ಶುರುವಾಗಬೇಕು. ಅವರಿಗೋ ನಿವೃತ್ತಿ ಹತ್ತಿರವಾಗಿತ್ತು.

ಅಷ್ಟರಲ್ಲಿ ಹೊಸ ಕಂಪ್ಯೂಟರ್ ಬಂತು. ಅದಕ್ಕೆ ಕಾಗದದ ಪಟ್ಟಿ ಓದಲು ಬರುವುದಿಲ್ಲ. ವಿಜಯದಶಮಿ ಒಳ್ಳೆಯ ದಿನವೆಂದು ಹಳೆಯದನ್ನು ಒಯ್ಯಲು ಆವತ್ತಿಗೇ ಲಾರಿ ಗೊತ್ತುಮಾಡಿದ್ದರು. ಎರಡು ಯಂತ್ರಗಳ ನಡುವೆ ಎಳೆಯಬೇಕಾದ ತಂತಿ ನಮ್ಮ ಕೈಸೇರಿದ್ದು ಅದರ ಹಿಂದಿನ ದಿನ, ಆಯುಧಪೂಜೆಯಂದು. ನಕಲು ಮಾಡುವ ಪುಟ್ಟ ಪ್ರೋಗ್ರಾಂ ನಾನೇ ಬರೆದಿದ್ದೆ. ಹಳೆಯದು ಒಂದು ಅಕ್ಷರ ಓದಬೇಕು, ತಂತಿಯಲ್ಲಿ ಕಳಿಸಬೇಕು, ಹೊಸದು ಬರೆದುಕೊಳ್ಳಬೇಕು. ಓದಲಾಗದಿದ್ದರೆ ಅಲ್ಲೇ ನಿಲ್ಲಬೇಕು. ಯಾರಾದರೂ ಬಂದು ಗುಂಡಿ ಒತ್ತುವವರೆಗೆ ಅಲ್ಲಾಡಬಾರದು.

ನಮ್ಮ ಅಟೆಂಡರ್ ಕರಿಯಪ್ಪಣ್ಣ ಬೆಳಿಗ್ಗೆಯೇ ಎಲ್ಲವನ್ನೂ ಒರೆಸಿ, ಚೆಂಡುಹೂವಿನ ಹಾರ ಹಾಕಿ ಪೂಜೆ ಮುಗಿಸಿದ್ದ. ನಾನು ಸ್ವಿಚ್ಚಿಗೆ ಕೈ ಹಾಕಿದ್ದೇ ತಡ, ಅಡ್ಡ ಬಂದ. "ಪೂಜೆ ಮಾಡಿದ್ದನ್ನ ಇವತ್ತು ಮುಟ್ಟಬಾರ್ದು ಕಣ್ರಮ್ಮ, ಅದಕ್ಕೂ ಒಂದಿನ ರೆಸ್ಟ್ ಕೊಡ್ರಿ."

"ಅದೇನು ಎತ್ತಾ ಕರಿಯಪ್ಪಣ್ಣ, ದಣಿಯಾಕೆ?" ಎಂದು ನಕ್ಕೆ.

ಪಟ್ಟಿ ಹಾಕಿ ಗುಂಡಿ ಒತ್ತಿದರೆ ಮೊದಲನೆಯ ಅಕ್ಷರಕ್ಕೇ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಅದೇ ಕಥೆ. ತಂತಿ ಬಿಚ್ಚಿ ಜೋಡಿಸಿದೆ, ಬರೆದದ್ದನ್ನು ಸಾಲು ಸಾಲಾಗಿ ತಿದ್ದಿದೆ. ಪಟ್ಟಿಯನ್ನು ಪಕ್ಕದಿಂದ ತೂರಿಸುವ ಯಂತ್ರ ಅದು, ಹಾಗಾಗಿ ಕಿಂಡಿಯ ಮುಚ್ಚಳ ತೆಗೆಯುವ ಯೋಚನೆ ಬರಲಿಲ್ಲ. ತಪ್ಪೆಲ್ಲ ನನ್ನ ಪ್ರೋಗ್ರಾಂನಲ್ಲೇ ಇದೆ ಎಂದು ತಲೆ ಕೆಡಿಸಿಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಅಳುವೇ ಬಂದು, ಎದ್ದು ಜಗುಲಿಗೆ ಬಂದೆ. ಸಾರ್ ಮತ್ತು ಕರಿಯಪ್ಪಣ್ಣ ಪ್ರಸಾದದ ಮಂಡಕ್ಕಿ ಹಿಡಿದು ಅಲ್ಲಿ ಕುಳಿತಿದ್ದರು. ಇಡೀ ಕಚೇರಿಯಲ್ಲಿ ಇದ್ದದ್ದು ನಾವು ಮೂವರೇ. ಸಾರ್ ನನ್ನ ಮುಖ ನೋಡಿದವರೇ ಎಲ್ಲ ತಿಳಿದುಕೊಂಡರು.

"ಕುಂತ್ಕಳಮ್ಮ. ಬೀಜ ಐತೆ, ನೆಲ ಐತೆ. ಮತ್ತೆ ಬಿತ್ತಾಣ" ಎಂದರು. ಹಾಗೆಂದವರು ಕೈಯಲ್ಲಿದ್ದ ಮಂಡಕ್ಕಿಯನ್ನು ಮಾತ್ರ ತಿನ್ನಲಿಲ್ಲ.

ಆಗ ಒಳಗಿನಿಂದ ಪಟ್ಟಿ ಓಡುವ ಸದ್ದು ಬಂತು.

ಮೂವರೂ ಎದ್ದು ಓಡಿದೆವು. ಪಟ್ಟಿ ಸರಸರನೆ ಯಂತ್ರದಿಂದ ಹೊರಬಂದು ನೆಲದ ಮೇಲೆ ರಾಶಿ ಬೀಳುತ್ತಿತ್ತು. ಗುಂಡಿಯ ಹತ್ತಿರ ಯಾರೂ ಇಲ್ಲ. ಮುಟ್ಟಲು ನನಗೆ ಧೈರ್ಯವಾಗಲಿಲ್ಲ, ನಿಜ ಹೇಳುತ್ತೇನೆ. ಕೊನೆಗೆ ಪಟ್ಟಿ ಮುಗಿದು, ಯಂತ್ರ ತಾನೇ ನಿಂತಿತು. ಓಡಿದ ರಭಸಕ್ಕೆ ಹಳೆಯ ಕಾಗದ ಅಲ್ಲಲ್ಲಿ ಹರಿದು ಹೋಗಿತ್ತು, ಅದನ್ನು ಇನ್ನೊಮ್ಮೆ ಓದಿಸುವಂತಿರಲಿಲ್ಲ. ಹೊಸ ಯಂತ್ರದಲ್ಲಿ ಏನು ಇಳಿದಿದೆಯೋ ಎಂದು ಹೆದರುತ್ತಲೇ ನೋಡಿದೆ. ಪ್ರತಿ ಸಾಲಿನ ಕೊನೆಗೂ ಆ ಸಾಲಿನ ಮೊತ್ತ ಇರುತ್ತಿತ್ತು. ಎಲ್ಲವನ್ನೂ ಕೂಡಿಸಿ ತಾಳೆ ಹಾಕಿಸಿದೆ. ಒಂದು ಸಾಲೂ ತಪ್ಪಿರಲಿಲ್ಲ. ಸಾರ್ ಕುರ್ಚಿಯಲ್ಲಿ ಕುಸಿದು ಕುಳಿತು, ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ವಿಚಿತ್ರ ಇಲ್ಲಿಗೇ ಮುಗಿಯಲಿಲ್ಲ. ಸಿಕ್ಕಿಕೊಂಡ ಚೂರುಗಳನ್ನು ಬಿಡಿಸಲೆಂದು ಕಿಂಡಿಯ ಮುಚ್ಚಳ ತೆಗೆದೆ. ಗಾಜಿನ ತುಂಬ ಕುಂಕುಮ! ನೀರಿನಲ್ಲಿ ಕಲಸಿ ದಪ್ಪಗೆ ಮೆತ್ತಿದ್ದು ಒಣಗಿ ಗಟ್ಟಿಯಾಗಿತ್ತು, ಮೇಲೊಂದು ಅಕ್ಷತೆ ಕಾಳು ಬೇರೆ.

"ಹಣೆಗಿಡಾಣ ಅಂದ್ರೆ ಇದಕ್ಕೆ ಹಣೆ ಎಲ್ಲೈತ್ರಮ್ಮ?" ಎಂದ ಕರಿಯಪ್ಪಣ್ಣ. "ದಿನಾ ಅಲ್ಲಿ ದೀಪ ಉರೀತೈತಲ್ಲ, ಅದೇ ದೇವ್ರ ಜಾಗ ಅಂತ ಮುಚ್ಚಳ ತೆಗ್ದು ಅಲ್ಲಿಟ್ಟೆ."

ಬೇರೊಂದು ತುಂಡು ಪಟ್ಟಿ ಹಾಕಿ ನೋಡಿದೆ. ಮೊದಲ ಅಕ್ಷರಕ್ಕೇ ನಿಂತಿತು. ಕುಂಕುಮ ಒರೆಸಿ ಹಾಕಿದೆ. ಲಕ್ಷಣವಾಗಿ ಓದಿತು.

ಮರುದಿನ ಲಾರಿಯ ಜೊತೆ ಬಂದ ಇಂಜಿನಿಯರು ವೋಲ್ಟೇಜಿನ ಏರುಪೇರು ಎಂದರು. ವೋಲ್ಟೇಜು ಯಂತ್ರವನ್ನು ಹೊರಡಿಸಬಹುದು, ಒಪ್ಪೋಣ. ಬೆಳಕೇ ಬೀಳದ ಗಾಜಿನಿಂದ ಅಷ್ಟುದ್ದದ ಪಟ್ಟಿಯನ್ನು ತಪ್ಪಿಲ್ಲದೆ ಓದಿದ್ದು ಹೇಗೆ? ಆಮೇಲೆ ಇಂಥ ಎಷ್ಟೋ ಪ್ರೋಗ್ರಾಂ ಬರೆದೆ, ತಿಳಿದವರನ್ನೆಲ್ಲ ಕೇಳಿದೆ. ಉತ್ತರ ಸಿಕ್ಕಿಲ್ಲ. ಕರಿಯಪ್ಪಣ್ಣನಿಗೆ ಮಾತ್ರ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ.

ತಳಿ ಮುಂದಿನ ಮುಂಗಾರಿಗೆ ರೈತರ ಹೊಲಕ್ಕೆ ಇಳಿಯಿತು. ಕೀಳುವ ಕಾಲಕ್ಕೆ ಸಾರ್ ನನ್ನನ್ನು ಮಾಡದಕೆರೆಗೆ ಕರೆದೊಯ್ದರು. ಮಳೆ ಅಷ್ಟಕ್ಕಷ್ಟೇ ಆಗಿತ್ತು, ಆದರೂ ಹೊಲ ಹಸಿರಾಗಿತ್ತು. ಒಂದು ಗಿಡ ಕಿತ್ತು, ಮಣ್ಣು ಕೊಡವಿ, ಬೇರಿನ ತುಂಬ ಜೋತ ಕಾಯಿಗಳನ್ನು ನನ್ನ ಕೈಗಿಟ್ಟರು.

"ತಗಳ್ಳಮ್ಮ, ನೀನು ಉಳಿಸಿದ್ದು."

ನಾನಲ್ಲ ಸಾರ್ ಎನ್ನಲು ಬಾಯಿ ತೆರೆದೆ. ಮತ್ತೆ ಯಾರು ಎಂದು ಕೇಳಿದರೆ ಏನು ಹೇಳಲಿ? ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡೆ. ಹಸಿ ಕಾಳು, ಸಿಹಿಯಾಗಿತ್ತು.