ಘಟ್ಟದ ಡೆಲ್ಮರ್
ಕೊಲರಾಡೊದ ಘಟ್ಟದ ನಡುವೆ ಗ್ಯಾರೇಜು ಇಟ್ಟಿರುವ ಡೆಲ್ಮರ್‌ಗೆ, ಒಲೆ ಹಾಸಿಗೆಗಳನ್ನೆಲ್ಲ ಹೊತ್ತು ಬರುವ ಮನೆಗಾಡಿಗಳ ಬ್ರೇಕಿನ ರೋಗ ತಿಳಿಯಲು ಮೂಗೊಂದೇ ಸಾಕು. ಚಕ್ರದ ಬಳಿ ಕೂತು ಮೂಸಿ, "ಇಳಿಯೋವಾಗ ಬ್ರೇಕ್ ಮೇಲೇ ನಿಂತಿದ್ರಾ? ಗೇರ್ ಇರೋದು ಅಲಂಕಾರಕ್ಕಾ?" ಎಂದು ಗದರುತ್ತಾನೆ, ಕಾದು ಕೆಟ್ಟ ಬ್ರೇಕ್ ಎಣ್ಣೆ ಬದಲಿಸುತ್ತ, ಸವೆದ ಪ್ಯಾಡುಗಳನ್ನೂ ಬೈಯುತ್ತಾನೆ. ರಿಪೇರಿಯಾದ ಗಾಡಿಯನ್ನು ಮೊದಲು ತಾನೇ ಓಡಿಸಿ ನೋಡಬೇಕೆಂಬುದು ಅವನ ಹಟ. ಆದರೆ ಗಂಡ ತೀರಿಹೋದ ಮೇಲೆ ಮೊದಲ ಸಲ ಮನೆಗಾಡಿಯಲ್ಲಿ ಒಬ್ಬಳೇ ಹೊರಟಿದ್ದ ಅಯೋನಾ, ಹೊಗೆಯಾಡುವ ಚಕ್ರಗಳೊಡನೆ ಬಂದು, "ಇದನ್ನ ಮಾರ್ಬಿಡ್ತೀನಿ, ನನ್ ಕೈಲಾಗಲ್ಲ" ಎಂದು ಅತ್ತಾಗ, ರಿಪೇರಿ ಮುಗಿಸಿ ಕೀಲಿಯನ್ನು ಅವಳ ಕೈಗೇ ಕೊಟ್ಟ. "ಗೇರ್ ಇಳಿಸ್ಕೊಂಡು ನಿಧಾನಕ್ಕೆ ಬಿಡಮ್ಮಾ" ಎಂದು ಪಕ್ಕದಲ್ಲಿ ಕೂತವನು, ಕಡಿದಾದ ತಿರುವು ಬರುವ ಮೊದಲೇ ಟೊಪ್ಪಿಯನ್ನು ಮುಖಕ್ಕೆಳೆದು ಗೊರಕೆ ಹೊಡೆಯತೊಡಗಿದ. ಗಾಡಿ ಕಣಿವೆಯಲ್ಲಿ ಮೆತ್ತಗೆ ನಿಂತಾಗ ಅವಳೇ ಅವನ ಭುಜ ತಟ್ಟಿ, "ಏಳಪ್ಪಾ, ಇಳಿದಾಯ್ತು" ಎಂದು ನಕ್ಕಳು.